ಕಪಿಲೆ ಸೀಮೆಯ ತಕ್ಕಡಿ

1975ರ ಗಾಂಧಿ ಜಯಂತಿ. ತುರ್ತು ಪರಿಸ್ಥಿತಿ ಬಂದು ಮೂರು ತಿಂಗಳಾಗಿತ್ತು. ದೆಹಲಿಯಲ್ಲಿ ಇಂದಿರಾ ಗಾಂಧಿ, ಬೆಂಗಳೂರಿನಲ್ಲಿ ದೇವರಾಜ ಅರಸು. ಆ ದಿನ ದೇಶದ 33 ಕಡೆ ಪ್ರಯೋಗವೆಂದು ಒಂದು ಯೋಜನೆ ಶುರುವಾಯಿತು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಎಂಬ ಅದರ ಉದ್ದನೆಯ ಹೆಸರು ಕಡತದಲ್ಲೇ ಉಳಿಯಿತು, ಜನರ ಬಾಯಿಗೆ ಬಂದದ್ದು ಅಂಗನವಾಡಿ. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ ಜಾಗ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಬರೀ 100 ಕೇಂದ್ರಗಳು. ಇವತ್ತು ರಾಜ್ಯದಲ್ಲಿ ಅರವತ್ತು ಸಾವಿರ ದಾಟಿರುವ ಅಂಗನವಾಡಿಗಳ ತಲೆಯೂರು ಇದೇ, ಕಪಿಲೆ ಕಾವೇರಿಯನ್ನು ಕೂಡುವ ಜಾಗ.

ಮಕ್ಕಳ ವಿಚಾರದಲ್ಲಿ ಈ ತಾಲ್ಲೂಕಿಗೆ ಮೊದಲೇ ಒಂದು ಹೆಸರಿತ್ತು, ಅಷ್ಟು ಒಳ್ಳೆಯದಲ್ಲದ್ದು. ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂದು ಅಲಮೇಲಮ್ಮ ಶಾಪ ಕೊಟ್ಟಳೆನ್ನುವ ತಲಕಾಡು, ಮಾಲಂಗಿ ಇರುವುದು ಈ ತಾಲ್ಲೂಕಿನಲ್ಲೇ. ಶಾಪ ಅರಮನೆಗೆ, ಊರಿನವರಿಗಲ್ಲ. ಊರುಗಳಲ್ಲಿ ಮಕ್ಕಳು ಹುಟ್ಟುತ್ತಿದ್ದವು, ಉಳಿಯುವುದೇ ಕಷ್ಟವಾಗಿತ್ತು.

ಅಂಗನವಾಡಿಗೆ ಕೊಟ್ಟ ಲೆಕ್ಕ ಹೀಗಿತ್ತು: ಮಗುವಿಗೆ ದಿನಕ್ಕೆ 300 ಕ್ಯಾಲೊರಿ, 8ರಿಂದ 10 ಗ್ರಾಂ ಪ್ರೊಟೀನ್. ಬಸುರಿ ಬಾಣಂತಿಯರಿಗೆ 500 ಕ್ಯಾಲೊರಿ. ಚುಚ್ಚುಮದ್ದು, ಒಂದಷ್ಟು ಹಾಡು, ಆಟ. ಇವುಗಳ ಜೊತೆಗೆ ತೂಕ. ತೊಲೆಗೆ ನೇತುಹಾಕುವ ಗಡಿಯಾರದಂಥ ತಕ್ಕಡಿ, ಅದರ ಕೊಕ್ಕೆಗೆ ಬಟ್ಟೆಯ ಚಡ್ಡಿ, ಚಡ್ಡಿಯೊಳಗೆ ಮಗು. ಕಾಲು ನೆಲ ಬಿಟ್ಟ ಕೂಡಲೇ ಮಗು ಕಿರುಚುತ್ತದೆ, ಮುಳ್ಳು ಅತ್ತಿತ್ತ ಹೊಯ್ದಾಡುತ್ತದೆ, ಟೀಚರ್ ಮುಳ್ಳು ನಿಲ್ಲಲೆಂದು ಕಾಯುತ್ತಾರೆ, ಹೊರಗೆ ನಿಂತ ಅಜ್ಜಿ ‘ಸಾಕು ಇಳಿಸವ್ವ’ ಅನ್ನುತ್ತಾಳೆ. ಮಗುವನ್ನು ತೂಗಬಾರದು, ದೃಷ್ಟಿಯಾಗುತ್ತದೆ ಎಂಬುದು ನಮ್ಮ ಕಡೆಯ ಹಳೆಯ ಭಯ. ಭತ್ತ ತೂಗಬಹುದು, ಬೆಲ್ಲ ತೂಗಬಹುದು, ಮಗುವನ್ನು ತೂಗುವುದುಂಟೇ? ಆ ಭಯವನ್ನು ಮೀರಿ ತಿಂಗಳು ತಿಂಗಳು ಮಕ್ಕಳನ್ನು ತೂಗಿ ಚಾರ್ಟಿನಲ್ಲಿ ಚುಕ್ಕೆ ಇಟ್ಟ ಅಂಗನವಾಡಿ ಟೀಚರುಗಳ ಕೆಲಸವನ್ನು ಯಾರೂ ಸಂಶೋಧನೆ ಎಂದು ಕರೆಯಲಿಲ್ಲ. ಕರೆಯಬಹುದಿತ್ತು.

ಆ ತಕ್ಕಡಿ ಕೇಳುತ್ತಿದ್ದ ಪ್ರಶ್ನೆ ಒಂದೇ, ಮಗು ಎಷ್ಟು ಸೊರಗಿದೆ ಅಂತ. ಸುಮಾರು ನಲವತ್ತೈದು ವರ್ಷ ಕಳೆದ ಮೇಲೆ ಅದೇ ತಾಲ್ಲೂಕಿಗೂ ಪಕ್ಕದ ನಂಜನಗೂಡು ತಾಲ್ಲೂಕಿಗೂ ಬೇರೊಂದು ಗುಂಪು ಬಂದು, ಈ ಊರುಗಳ ಮಗುವಿನ ಮೈಯಲ್ಲಿ ಐದನೇ ವರ್ಷಕ್ಕೆ ಎಷ್ಟು ಕೊಬ್ಬು ಇರುತ್ತದೆ ಎಂದು ಕೇಳಲು ಹೊರಟಿತು. ಹೊರಗಿನಿಂದ ನೋಡಿದವರಿಗೆ ನಾಡು ಹಸಿವಿನಿಂದ ಬೊಜ್ಜಿಗೆ ಬಂದು ನಿಂತಂತೆ ಕಾಣುತ್ತದೆ. ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಆದರೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನಡೆದದ್ದನ್ನು ಹಿಂಬಾಲಿಸಿದರೆ ಬೇರೆಯೇ ಕಾಣುತ್ತದೆ. ಸೊರಗಿದ ಮಗುವೂ ಕೊಬ್ಬಿದ ಮಗುವೂ ಎಷ್ಟೋ ಸಲ ಒಂದೇ ಮಗು.

ಆ ಆಸ್ಪತ್ರೆ ಮಂಡಿ ಮೊಹಲ್ಲಾದಲ್ಲಿದೆ. ಬೋರ್ಡಿನ ಮೇಲೆ ಸಿಎಸ್‌ಐ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಆಟೋದವರಿಗೆ ಮಿಷನ್ ಆಸ್ಪತ್ರೆ. ವೆಸ್ಲಿಯನ್ ಮಿಷನ್ನಿನವರು ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬಾಕೆಯ ನೆನಪಿಗೆ ಕಟ್ಟಿ 1906ರಲ್ಲಿ ತೆರೆದದ್ದು. ಮೈಸೂರಿನ ಎಷ್ಟೋ ಮನೆಗಳಲ್ಲಿ ಅಜ್ಜ, ಮಗ, ಮೊಮ್ಮಗ ಮೂವರೂ ಅಲ್ಲೇ ಹುಟ್ಟಿದವರು.

1934ರಿಂದ ಅಲ್ಲಿನ ಹೆರಿಗೆ ವಾರ್ಡಿನಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ದಾಖಲೆ ಉಳಿದುಕೊಂಡಿದೆ. ಲೆಕ್ಕವೆಲ್ಲ ಪೌಂಡು, ಔನ್ಸು, ಇಂಚಿನಲ್ಲಿ. ತಾಯಿಯ ತೂಕವೂ ಇದೆ. ಯಾವ ದೊಡ್ಡ ಉದ್ದೇಶಕ್ಕೂ ಬರೆದದ್ದಲ್ಲ, ವಾರ್ಡಿನ ಶಿಸ್ತು ಅಷ್ಟೇ. ರಾತ್ರಿ ಪಾಳಿಯ ನರ್ಸ್ ಒಬ್ಬಳು ಕೂಸನ್ನು ಒರೆಸಿ, ತಟ್ಟೆಯ ಮೇಲಿಟ್ಟು, ಐದೂವರೆ ಪೌಂಡು ಎಂದು ಬರೆದು ಮುಂದಿನ ಹಾಸಿಗೆಗೆ ಹೋಗಿರುತ್ತಾಳೆ. ಇಂಥ ಸಾವಿರಾರು ಸಾಲುಗಳು ಆಸ್ಪತ್ರೆಯಲ್ಲೇ ಕೂತಿದ್ದವು. ನಮ್ಮಲ್ಲಿ ಹಳೆಯ ಕಾಗದದ ಗತಿ ಏನೆಂದು ಗೊತ್ತಿದ್ದವರಿಗೆ ಇದೇ ಮೊದಲ ಪವಾಡ. ಗೆದ್ದಲು, ಮಳೆ, ಗುಜರಿಯವನು, ಹೊಸ ಆಡಳಿತಾಧಿಕಾರಿಯ ಸ್ವಚ್ಛತಾ ಅಭಿಯಾನ, ಈ ನಾಲ್ಕರಿಂದಲೂ ಅವು ತಪ್ಪಿಸಿಕೊಂಡವು.

ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯರಿಗೆ ಇಂಥದೇ ಇನ್ನೊಂದು ದಾಖಲೆ ಸಿಕ್ಕಿತ್ತು. ಹರ್ಟ್‌ಫರ್ಡ್‌ಷೈರ್ ಜಿಲ್ಲೆಯಲ್ಲಿ 1911ರಿಂದ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಆರೋಗ್ಯಾಧಿಕಾರಿಣಿ ಸೂಲಗಿತ್ತಿಯರಿಂದ ಬರೆಸಿದ ಲೆಡ್ಜರುಗಳು ಅವು, ಹುಟ್ಟಿದಾಗಿನ ತೂಕ, ಒಂದು ವರ್ಷದ ತೂಕ ಎಲ್ಲ ಇದ್ದವು. ಬಾರ್ಕರ್ ಆ ಕೂಸುಗಳು ಮುದುಕರಾಗಿ ಯಾವುದರಿಂದ ಸತ್ತರು ಎಂದು ಹುಡುಕಿಸಿದರು. 5,654 ಗಂಡಸರ ಲೆಕ್ಕ 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಸಣ್ಣದಾಗಿ ಹುಟ್ಟಿ, ಮೊದಲ ವರ್ಷವೂ ಬಡಕಲಾಗಿದ್ದವರು ಹೃದಯದ ಕಾಯಿಲೆಯಿಂದ ಹೆಚ್ಚು ಸತ್ತಿದ್ದರು. ವಯಸ್ಸಾದ ಮೇಲಿನ ಕಾಯಿಲೆಗೆ ಬಸಿರಲ್ಲೇ ಬೀಜ ಬಿದ್ದಿರುತ್ತದೆ ಎಂದು ಬಾರ್ಕರ್ ವಾದಿಸಿದರು. ಆಗ ನಕ್ಕವರೂ ಇದ್ದರು. ಹೃದಯಾಘಾತವೆಂದರೆ ಸಿಗರೇಟು, ಬೆಣ್ಣೆ, ಕುರ್ಚಿಯ ಕೆಲಸ ಎಂದು ಎಲ್ಲರೂ ಒಪ್ಪಿಕೊಂಡಿದ್ದ ಕಾಲ ಅದು.

ಬಾರ್ಕರ್ ಹೇಳಿದ್ದು ನಿಜವಾದರೆ ಅದನ್ನು ನೋಡಬೇಕಾದ ನಾಡು ಭಾರತ. ಇಲ್ಲಿ ಸಣ್ಣ ಕೂಸುಗಳೂ ಹೆಚ್ಚು, ನಡುವಯಸ್ಸಿಗೇ ಎದೆ ಹಿಡಿದುಕೊಂಡು ಕೂರುವವರೂ ಹೆಚ್ಚು. ಆದರೆ ಅರವತ್ತು ವರ್ಷ ಹಿಂದೆ ಹುಟ್ಟಿದವರ ತೂಕ ಭಾರತದಲ್ಲಿ ಯಾರ ಬಳಿ ಇರುತ್ತದೆ? ಮಂಡಿ ಮೊಹಲ್ಲಾದಲ್ಲಿತ್ತು. ಬಾರ್ಕರ್ ಅವರ ಸೌತಾಂಪ್ಟನ್ ತಂಡದ ಕ್ಯಾರೊಲಿನ್ ಫಾಲ್ ಆಸ್ಪತ್ರೆಯವರ ಜೊತೆ ಸೇರಿ 1993ರಲ್ಲಿ ಕೆಲಸ ಶುರುಮಾಡಿದರು.

ಮೊದಲ ಕೆಲಸ ಜನರನ್ನು ಹುಡುಕುವುದು. ಪುಸ್ತಕದಲ್ಲಿರುವ ಕೂಸಿಗೆ ಹೆಸರಿಲ್ಲ, ನಾಮಕರಣವಾಗುವುದು ಮನೆಗೆ ಹೋದ ಮೇಲೆ. ಇರುವುದು ಅಪ್ಪ ಅಮ್ಮನ ಹೆಸರು. ಹಳೇ ಮೈಸೂರಿನಲ್ಲಿ ಸಿದ್ದಮ್ಮ, ನಂಜಮ್ಮ, ಫಾತಿಮಾ ಬೀ ಎಂಬ ಹೆಸರಿನ ತಾಯಂದಿರು ಎಷ್ಟು ಮಂದಿ ಇದ್ದಿರಬಹುದು! ಹೀಗಾಗಿ ಪುಸ್ತಕ ಹಿಡಿದು ಜನರನ್ನು ಹುಡುಕದೆ, ಜನರನ್ನು ಹಿಡಿದು ಪುಸ್ತಕ ತಿರುವಿದರು. ಮನೆಮನೆಗೆ ಹೋಗಿ, ಇಲ್ಲಿ ಯಾರಾದರೂ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರಿದ್ದಾರೆಯೇ ಎಂದು ವಿಚಾರಿಸುವುದು, ಇದ್ದರೆ ಅಪ್ಪ ಅಮ್ಮನ ಹೆಸರು, ಹುಟ್ಟಿದ ಇಸವಿ ಬರೆದುಕೊಂಡು ಬಂದು ದಾಖಲೆಗೆ ತಾಳೆ ನೋಡುವುದು. 1934ರಿಂದ 1966ರೊಳಗೆ ಹುಟ್ಟಿದ ಸುಮಾರು 3,500 ಮಂದಿ ಹೀಗೆ ಕ್ರಮೇಣ ಪತ್ತೆಯಾದರು. ಅವರನ್ನು ಊಹಿಸಿಕೊಳ್ಳಿ. ರಿಟೈರಾದ ಮೇಷ್ಟ್ರು, ಬೀಡಿ ಅಂಗಡಿಯವರು, ಮೊಮ್ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುವ ಅಜ್ಜಿಯರು. ‘ನೀವು ಹುಟ್ಟಿದಾಗ ಐದು ಪೌಂಡು ಹತ್ತು ಔನ್ಸು ಇದ್ರಿ’ ಎಂದು ಯಾರೋ ಬಂದು ಹೇಳಿದರೆ ಹೇಗಾಗಬೇಡ! ಹೆತ್ತ ತಾಯಿಗೂ ಮರೆತುಹೋದ ಲೆಕ್ಕ ಅದು.

ಮೊದಲ ಫಲಿತಾಂಶ 1996ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಕ್ಲಾಡಿಯಾ ಸ್ಟೈನ್ ಮೊದಲ ಲೇಖಕಿ. 1934ರಿಂದ 1954ರವರೆಗೆ ಹುಟ್ಟಿದ 517 ಮಂದಿಯ ಲೆಕ್ಕ. ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, 3.1 ಕೆಜಿ ದಾಟಿದವರಲ್ಲಿ ಶೇ. 3. ತಾಯಿಯೂ 45 ಕೆಜಿಗಿಂತ ಕಡಿಮೆ, ಕೂಸೂ ಎರಡೂವರೆ ಕೆಜಿಯೊಳಗೆ ಇದ್ದ ಕಡೆ ಅದು ಶೇ. 20. ಐವರಲ್ಲಿ ಒಬ್ಬರು. ಸೊರಗಿದ ತಾಯಿಯ ಸೊರಗಿದ ಕೂಸಿಗೆ ಅರವತ್ತರ ಹೊತ್ತಿಗೆ ಎದೆನೋವು. ಬಾರ್ಕರ್ ವಾದಕ್ಕೆ ಮೈಸೂರು ಸಾಕ್ಷಿ ಹೇಳಿತು.

ಇಲ್ಲಿಗೇ ನಿಂತಿದ್ದರೆ ಕಥೆ ಅಂದವಾಗಿರುತ್ತಿತ್ತು. ಆದರೆ 1998ರಲ್ಲಿ ಸಕ್ಕರೆ ಕಾಯಿಲೆಯ ಲೆಕ್ಕ ತೆಗೆದಾಗ ಮೈಸೂರು ಉಲ್ಟಾ ಹೊಡೆಯಿತು. ಇಂಗ್ಲೆಂಡಿನಲ್ಲಿ ಸಣ್ಣ ಕೂಸುಗಳಿಗೆ ಮುಂದೆ ಡಯಾಬಿಟೀಸ್ ಹೆಚ್ಚು. ಮೈಸೂರಿನಲ್ಲಿ ಗಿಡ್ಡಗೆ, ಉದ್ದಕ್ಕೆ ಹೋಲಿಸಿದರೆ ದಪ್ಪಗೆ ಹುಟ್ಟಿದವರಿಗೆ ಹೆಚ್ಚು. ಅವರ ತಾಯಂದಿರೂ ತೂಕದವರು. ಏನಿದು? ಆ ತಾಯಂದಿರಿಗೆ ಬಸಿರಿನಲ್ಲಿ ಸಕ್ಕರೆ ಏರಿದ್ದಿರಬಹುದೇ, 1940ರ ಸುಮಾರಿನಲ್ಲಿ ಅದನ್ನು ಪರೀಕ್ಷೆ ಮಾಡುವವರು ಯಾರೂ ಇರಲಿಲ್ಲವಲ್ಲ, ಎಂಬ ಅನುಮಾನ ಹುಟ್ಟಿತು. ಸತ್ತುಹೋದ ತಾಯಂದಿರ ರಕ್ತ ಪರೀಕ್ಷೆ ಸಾಧ್ಯವಿಲ್ಲ. ಹೊಸ ತಾಯಂದಿರಿಂದಲೇ ಶುರುಮಾಡಬೇಕು.

ನನ್ನ ಮಟ್ಟಿಗೆ ಈ ಇಡೀ ಇತಿಹಾಸದ ತಿರುವು ಇದು. ಅಲ್ಲಿಯವರೆಗೆ ಮಾಡಿದ್ದೆಲ್ಲ ಹಳೆಯ ಕಾಗದದ ಓದು, ಇನ್ನು ಮುಂದೆ ಸಂಸಾರಗಳ ಜೊತೆ ಬದುಕುವ ಕೆಲಸ. ಹಣ ಕೊಟ್ಟ ಪಾರ್ಥೆನಾನ್ ಟ್ರಸ್ಟಿನ ಹೆಸರೇ ಅಧ್ಯಯನಕ್ಕೂ ನಿಂತು ಮೈಸೂರು ಪಾರ್ಥೆನಾನ್ ಕೋಹಾರ್ಟ್ ಆಯಿತು. ಗ್ರೀಸಿನ ದೇವಸ್ಥಾನಕ್ಕೂ ಮಂಡಿ ಮೊಹಲ್ಲಾಕ್ಕೂ ನಂಟು ಏನೆಂದು ತಲೆಕೆಡಿಸಿಕೊಂಡವರು ಇರಲಿಕ್ಕೂ ಸಾಕು. 1997–98ರಲ್ಲಿ ಆಸ್ಪತ್ರೆಗೆ ಹೆರಿಗೆಗೆಂದು ಹೆಸರು ಬರೆಸಿದವರಲ್ಲಿ 830 ಬಸುರಿಯರು ಒಪ್ಪಿದರು. ಏಳು ತಿಂಗಳು ತುಂಬುವ ಹೊತ್ತಿಗೆ ಖಾಲಿ ಹೊಟ್ಟೆಯಲ್ಲಿ ಬಂದು, ಗ್ಲೂಕೋಸ್ ನೀರು ಕುಡಿದು, ಗಂಟೆಗಟ್ಟಲೆ ಕಾದು, ಮತ್ತೆ ರಕ್ತ ಕೊಟ್ಟು ಹೋದರು. ಬಸುರಿಗೆ ಖಾಲಿ ಹೊಟ್ಟೆಯಲ್ಲಿ ಕೂರುವುದೆಂದರೆ ಏನೆಂದು ಹೆತ್ತವರನ್ನು ಕೇಳಬೇಕು. ಶೇ. 6.2ರಷ್ಟು ಮಂದಿಗೆ ಬಸಿರಿನ ಸಕ್ಕರೆ ಕಾಯಿಲೆ ಸಿಕ್ಕಿತು.

ಹೆರಿಗೆಯಾಗಿ ಮೂರು ದಿನದೊಳಗೆ ಕೂಸಿನ ಅಳತೆ. ಈ ಸಲ ತೂಕ, ಉದ್ದದ ಜೊತೆಗೆ ಚರ್ಮದ ಮಡಿಕೆ. ಇಕ್ಕಳದಂಥ ಸಣ್ಣ ಉಪಕರಣ, ಕ್ಯಾಲಿಪರ್. ಕೂಸನ್ನು ಒಂದು ಮಗ್ಗುಲಿಗೆ ತಿರುಗಿಸಿ, ಬೆನ್ನಿನ ರೆಕ್ಕೆಮೂಳೆಯ ಕೆಳಗಿನ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ, ಇಕ್ಕಳದ ಬಾಯಿಗೆ ಕೊಟ್ಟು, ಮಿಲಿಮೀಟರು ಓದಬೇಕು. ತಡಮಾಡಿದರೆ ಚರ್ಮ ಒತ್ತಿಕೊಂಡು ಲೆಕ್ಕ ಕಡಿಮೆ ಬರುತ್ತದೆ, ಅವಸರ ಮಾಡಿದರೆ ಕೂಸು ಒದೆಯುತ್ತದೆ. ಹೀಗೆ ಓದಿದ ಮಿಲಿಮೀಟರುಗಳಲ್ಲಿ ವಿಚಿತ್ರವೊಂದು ಹೊರಬಿತ್ತು. ಮೈಸೂರಿನ ಕೂಸು ಬ್ರಿಟನ್ನಿನ ಕೂಸಿಗಿಂತ ತೂಕದಲ್ಲಿ, ಉದ್ದದಲ್ಲಿ, ತೋಳಿನ ಸುತ್ತಳತೆಯಲ್ಲಿ ಎಲ್ಲದರಲ್ಲೂ ಸಣ್ಣದು. ಬೆನ್ನಿನ ಮಡಿಕೆಯ ಕೊಬ್ಬಿನಲ್ಲಿ ಮಾತ್ರ ಅಂಥ ವ್ಯತ್ಯಾಸವಿಲ್ಲ. ಪುಣೆಯಲ್ಲಿ ಚಿತ್ತರಂಜನ್ ಯಾಜ್ಞಿಕ್ ಕಂಡದ್ದೂ ಇದನ್ನೇ. ಅಲ್ಲಿನ ಹಳ್ಳಿಗಳ ಕೂಸು 2.7 ಕೆಜಿ, ಸೌತಾಂಪ್ಟನ್ನಿನ ಕೂಸು 3.5 ಕೆಜಿ, ಆದರೂ ಕೊಬ್ಬು ಉಳಿಸಿಕೊಂಡದ್ದು ಪುಣೆಯ ಕೂಸು. ಮಾಂಸಖಂಡ ಕಡಿಮೆ, ಕೊಬ್ಬು ಜಾಸ್ತಿ. ಅಂಗನವಾಡಿಯ ತಕ್ಕಡಿಯಲ್ಲಿ ಈ ಮಗು ಸೊರಗಿದ್ದೇ. ಕ್ಯಾಲಿಪರಿಗೆ ಕೊಟ್ಟರೆ ಬೇರೆ ಮಾತು.

ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಮೈಸೂರಿನ ಆ ಮಕ್ಕಳನ್ನು ಬಿಡದೆ ಹಿಂಬಾಲಿಸಿದರು. ಸಕ್ಕರೆ ಇದ್ದ ತಾಯಂದಿರ ಮಕ್ಕಳು ಹುಟ್ಟುವಾಗ ದೊಡ್ಡವು. ಒಂದು ವರ್ಷಕ್ಕೆ ನೋಡಿದರೆ ಉಳಿದ ಮಕ್ಕಳಿಗೂ ಇವಕ್ಕೂ ಅಂಥ ಫರಕಿಲ್ಲ. ಅಧ್ಯಯನ ಅಲ್ಲಿಗೆ ಮುಗಿದಿದ್ದರೆ ‘ಏನೂ ತೊಂದರೆಯಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಐದನೇ ವರ್ಷಕ್ಕೆ ಆ ಹೆಣ್ಣುಮಕ್ಕಳ ಚರ್ಮದ ಮಡಿಕೆಯಲ್ಲಿ, ರಕ್ತದ ಇನ್ಸುಲಿನ್ನಿನಲ್ಲಿ ಹೆಚ್ಚಳ ಕಾಣಿಸಿಕೊಂಡಿತು. ಒಂಬತ್ತೂವರೆ ವರ್ಷಕ್ಕೆ ಇನ್ನೂ ಸ್ಪಷ್ಟವಾಯಿತು. ತಾಯಂದಿರ ಕಡೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಬಸಿರಿನಲ್ಲಿ ಸಕ್ಕರೆ ಬಂದು ಹೆರಿಗೆ ಆದಮೇಲೆ ಹೋಯಿತೆಂದು ನಿಟ್ಟುಸಿರು ಬಿಟ್ಟಿದ್ದವರಲ್ಲಿ ಶೇ. 37ರಷ್ಟು ಮಂದಿ ಐದೇ ವರ್ಷದಲ್ಲಿ ಪೂರಾ ಸಕ್ಕರೆ ಕಾಯಿಲೆಯವರಾಗಿದ್ದರು. ಬಸಿರಿನಲ್ಲಿ ಸಕ್ಕರೆ ಇಲ್ಲದಿದ್ದವರಲ್ಲಿ ಅದು ಶೇ. 2.

ಇನ್ನೂ ಎರಡು ಸಂಗತಿ ಅದೇ ರಕ್ತದ ಮಾದರಿಗಳಿಂದ ಬಂದವು. ಬಸುರಿಯರಲ್ಲಿ ಶೇ. 43 ಮಂದಿಗೆ ಬಿ12 ವಿಟಮಿನ್ ಕೊರತೆ, ಅಂಥವರಲ್ಲಿ ಬೊಜ್ಜೂ ಬಸಿರಿನ ಸಕ್ಕರೆಯೂ ಹೆಚ್ಚು. ಹಾಲು, ಮೊಟ್ಟೆ, ಮಾಂಸ ಕಡಿಮೆ ಬೀಳುವ ತಟ್ಟೆಯಲ್ಲಿ ಬಿ12 ಎಲ್ಲಿಂದ ಬರಬೇಕು? ಡಿ ವಿಟಮಿನ್ ಕೊರತೆ ಮೂವರಲ್ಲಿ ಇಬ್ಬರಿಗೆ. ವರ್ಷವಿಡೀ ಬಿಸಿಲು ಸುರಿಯುವ ಮೈಸೂರಿನಲ್ಲಿ! ಮುಂದೆ ಮಕ್ಕಳು ಒಂಬತ್ತು ಹತ್ತು ವರ್ಷದವರಾದಾಗ ಡಾ. ಎಸ್.ಆರ್. ವೀಣಾ ಅವರ ತಂಡ ಬುದ್ಧಿಶಕ್ತಿಯ ಪರೀಕ್ಷೆ ನಡೆಸಿತು. ಬಸಿರಿನಲ್ಲಿ ಫೋಲೇಟ್ ಚೆನ್ನಾಗಿದ್ದ ತಾಯಂದಿರ ಮಕ್ಕಳು ಚುರುಕಾಗಿದ್ದರು. ಹಳೆಯ ದಾಖಲೆಯ ಮುದುಕರನ್ನೂ ಬಿಡಲಿಲ್ಲ. 2013–14ರಲ್ಲಿ ಡಾ. ಮುರಳಿ ಕೃಷ್ಣ ಮತ್ತೆ ಅವರ ಮನೆ ಬಾಗಿಲು ತಟ್ಟಿ, 522 ಮಂದಿಯ ನೆನಪಿನ ಶಕ್ತಿ, ಮನಸ್ಸಿನ ಸ್ಥಿತಿ ಅಳೆದರು. ಬಾರ್ಕರ್ ತೀರಿಕೊಂಡದ್ದು ಅದೇ 2013ರಲ್ಲಿ.

ಮೈಸೂರಿನಲ್ಲಿ ಈ ಹೊತ್ತಿಗೆ ಇನ್ನೊಂದು ಕೆಲಸವೂ ನಡೆದಿತ್ತು. ಅದು ಬೇರೆ ಜನರದ್ದು, ಬೇರೆ ಪ್ರಶ್ನೆ, ಆದರೆ ತಟ್ಟೆ ಅದೇ. ನಂಜನಗೂಡು ನಂಜುಂಡನ ಊರು, ವಿಷ ನುಂಗಿ ಜೀರ್ಣಿಸಿಕೊಂಡವನ ಸನ್ನಿಧಿ. ಆ ಸೀಮೆಯ ಹೆಂಗಸರ ಬಾಯಲ್ಲಿ ಊಟದ ಮಾತು ಬಂದರೆ ‘ನಂಜು’ ಬಾರದೆ ಇರದು. ಬಾಣಂತಿಗೆ ಬದನೆಕಾಯಿ ನಂಜು, ಗಾಯ ಆದವರಿಗೆ ಇಂಥ ಕಾಳು ನಂಜು, ಕೂಸಿಗೆ ಇಂಥ ಹಣ್ಣು ಶೀತ. ‘ಮೈಗೆ ಒಗ್ಗಲ್ಲ’ ಎಂಬುದು ಇನ್ನೂ ಅಗಲವಾದ ಮಾತು. ಕೆರೆತ, ವಾಂತಿ, ಹೊಟ್ಟೆ ಉಬ್ಬರ, ಬರೀ ಇಷ್ಟವಿಲ್ಲದಿರುವುದು ಎಲ್ಲ ಅದರಲ್ಲಿ ಹಿಡಿಸುತ್ತದೆ. ಇದರಲ್ಲಿ ವೈದ್ಯರು ಅಲರ್ಜಿ ಎನ್ನುವುದು ಎಷ್ಟು?

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವೈ.ಪಿ. ವೆಂಕಟೇಶ್, ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮೊದಲಾದವರು ಹಿಡಿದದ್ದು ಬದನೆಕಾಯಿಯನ್ನೇ. ಈರನಗೆರೆ ಬದನೆಯ ಊರಿನಲ್ಲಿ ಬದನೆಯ ಮೇಲೆಯೇ ವಿಚಾರಣೆ! ಏಳುನೂರಕ್ಕೂ ಹೆಚ್ಚು ಜನರನ್ನು ವಿಚಾರಿಸಿ 2008ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಬದನೆ ತಿಂದರೆ ಆಗಿಬರುವುದಿಲ್ಲ ಎಂದವರು ಹತ್ತರಲ್ಲಿ ಒಬ್ಬರ ಸುಮಾರಿಗೆ ಇದ್ದರು. ಹೆಂಗಸರೇ ಹೆಚ್ಚು. ಚರ್ಮದ ಪರೀಕ್ಷೆ, ರಕ್ತದ ಪರೀಕ್ಷೆಯೆಲ್ಲ ದಾಟಿ ನಿಜವಾದ ಅಲರ್ಜಿ ಎಂದು ನಿಂತದ್ದು ನೂರಕ್ಕೆ ಒಬ್ಬರೂ ಅಲ್ಲ. ಅಜ್ಜಿಯರ ನಂಜಿನ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ಅಲರ್ಜಿಯೂ ಅಲ್ಲ. ಬದನೆಯಲ್ಲಿ ಕೆರೆತ ತರಿಸುವ ಬೇರೆ ಅಂಶಗಳೂ ಇವೆ.

ಆಹಾರದ ಅಲರ್ಜಿ ಕುರಿತ ಯುರೋಪಿನ ಯುರೋಪ್ರಿವಾಲ್ ಅಧ್ಯಯನದ ಕೈ ಮೈಸೂರು, ಬೆಂಗಳೂರಿನ ಶಾಲೆಗಳವರೆಗೂ ಚಾಚಿತು. ಚೀನಾ, ರಷ್ಯಾ, ಭಾರತ ಮೂರೂ ಕಡೆ ಸೇರಿ 35 ಸಾವಿರ ದಾಟಿದ ಮಕ್ಕಳು. ಮನೆಯಲ್ಲಿ ಅಪ್ಪ ಅಮ್ಮ ತುಂಬಿ ಕಳಿಸಿದ ಪ್ರಶ್ನಾವಳಿ, ಆಮೇಲೆ ಕೆಲವರಿಗೆ ಚುಚ್ಚಿ ನೋಡುವ ಪರೀಕ್ಷೆ. ಆಹಾರದ ಅಲರ್ಜಿ ಇರಬಹುದಾದ ಮಕ್ಕಳು ಹಾಂಗ್‌ಕಾಂಗಿನಲ್ಲಿ ಶೇ. 1.5, ನಮ್ಮಲ್ಲಿ ಶೇ. 0.14. ಹತ್ತುಪಟ್ಟು ಕಡಿಮೆ. ಅದೇ ಅಧ್ಯಯನದಲ್ಲಿ ಕರ್ನಾಟಕದ ದೊಡ್ಡವರ ರಕ್ತ ನೋಡಿದಾಗ ಶೇ. 26.5 ಮಂದಿಯಲ್ಲಿ ಯಾವುದಾದರೂ ಒಂದು ಆಹಾರದ ವಿರುದ್ಧ ಪ್ರತಿಕಾಯ ಇತ್ತು, ತೊಂದರೆಪಡುತ್ತಿದ್ದವರು ಶೇ. 1.2 ಮಾತ್ರ. ರಕ್ತ ಎಚ್ಚೆತ್ತಿದ್ದರೂ ಮೈ ಸುಮ್ಮನಿರುವುದು ಹೇಗೆ ಎಂಬುದು ಈಗ ವಿಜ್ಞಾನಿಗಳ ಕುತೂಹಲ. ರಕ್ತದ ಪರೀಕ್ಷೆಯ ಒಂದು ಹಾಳೆ ನೋಡಿ ಮಗುವಿಗೆ ಹಾಲು, ಮೊಟ್ಟೆ, ಕಡಲೆಕಾಯಿ ಎಲ್ಲ ಬಿಡಿಸಿಬಿಡುವ ಈಗಿನ ಪೇಟೆಯ ಅಪ್ಪ ಅಮ್ಮಂದಿರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಇತ್ತ ಮಿಷನ್ ಆಸ್ಪತ್ರೆಯ ಸಂಶೋಧಕರಿಗೆ ಇಪ್ಪತ್ತು ವರ್ಷದ ಮೇಲೆ ಒಂದು ಅತೃಪ್ತಿ ಉಳಿದಿತ್ತು. ಅಳೆದದ್ದಾಯಿತು, ನಂಟು ಕಂಡದ್ದಾಯಿತು. ಏನಾದರೂ ಮಾಡಿದರೆ ಬದಲಾಗುತ್ತದೆಯೇ? ಮುಂಬಯಿಯ ಕೊಳೆಗೇರಿಗಳಲ್ಲಿ ಫಾಲ್ ಅವರೂ ಇದ್ದ ಒಂದು ತಂಡ ಬಸಿರಿಗೆ ಮೊದಲೇ ಹೆಂಗಸರಿಗೆ ಸೊಪ್ಪು, ಹಣ್ಣು, ಹಾಲು ಹಾಕಿದ ತಿಂಡಿ ಕೊಟ್ಟು ನೋಡಿತ್ತು. ಕೂಸುಗಳ ತೂಕ ಒಟ್ಟಾರೆ ಏರಲಿಲ್ಲ, ಆದರೆ ತಾಯಂದಿರಿಗೆ ಬಸಿರಿನ ಸಕ್ಕರೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಹೊಟ್ಟೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ, ಮೊದಲೇ ಹಿಡಿಯಬೇಕು ಎಂಬ ನಂಬಿಕೆ ಗಟ್ಟಿಯಾದದ್ದು ಇಂಥವುಗಳಿಂದ.

ಹೀಗೆ ಹುಟ್ಟಿದ್ದು ಐನ್‌ಸ್ಟೈನ್. ವಿಜ್ಞಾನಿ ಅಲ್ಲ, ಇಂಗ್ಲಿಷ್ ಪದಗಳ ಅಕ್ಷರ ಆಯ್ದು ಜೋಡಿಸಿದ ಹೆಸರು. ಸಂಶೋಧಕರಿಗೆ ಈ ಚಟ ಎಂದಿಗೂ ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ ಕೆನಡಾ, ದಕ್ಷಿಣ ಆಫ್ರಿಕಾ, ಚೀನಾ, ಭಾರತ ನಾಲ್ಕು ಕಡೆ ಒಂದೇ ಬಗೆಯ ಪ್ರಯೋಗ ನಡೆಸುವ ಹೆಲ್ಟಿ ಎಂಬ ಕೂಟದ ಭಾರತದ ಕೊಂಡಿ ಇದು. ಕೆ. ಕುಮಾರನ್, ಕೃಷ್ಣವೇಣಿ ಮೊದಲಾದವರು ಇದರ ರೂಪುರೇಷೆಯನ್ನು 2021ರಲ್ಲಿ ಪ್ರಕಟಿಸಿದರು. ಆರಿಸಿದ್ದು ಮೈಸೂರು ನಗರವನ್ನಲ್ಲ, ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳನ್ನು. ಹದಿನೆಂಟು ದಾಟಿದ, ಮದುವೆಯಾದ ಸುಮಾರು 6,000 ಹೆಂಗಸರು. ಹಳ್ಳಿಗಳನ್ನು ಗುಂಪು ಮಾಡಿ, ಚೀಟಿ ಎತ್ತಿದಂತೆ ಮೂರು ಪಾಲು ಹಂಚಿಕೆ, ಪಾಲಿಗೆ 35 ಗುಂಪು. ಮೊದಲ ಪಾಲಿನ ಊರುಗಳಲ್ಲಿ ಬಸಿರಿಗೆ ಮುಂಚಿನಿಂದಲೇ ನೆರವು, ಎರಡನೆಯದರಲ್ಲಿ ಬಸಿರಾದ ಮೇಲೆ, ಮೂರನೆಯದು ಹೋಲಿಕೆಗೆ. ಕೊನೆಗೆ ನೋಡುವುದು ಮಗುವಿನ ಐದನೇ ವರ್ಷದ ಕೊಬ್ಬಿನ ಪ್ರಮಾಣ.

ಐದನೇ ವರ್ಷವೇ ಏಕೆ ಎಂದು ಪಾರ್ಥೆನಾನ್ ಮಕ್ಕಳ ಕಥೆ ಓದಿದವರು ಕೇಳಬೇಕಿಲ್ಲ.

ಕೊಡುವುದೇನು? ಒಳ್ಳೆಯ ಪೋಷಣೆ. ಮನಸ್ಸಿನ ಭಾರ ಇಳಿಸುವ, ಮಕ್ಕಳನ್ನು ಬೆಳೆಸುವ ಬಗ್ಗೆ ಮಾತಾಡುವ ಗುಂಪಿನ ಕೂಟಗಳು. ಆರು ತಿಂಗಳು ಬರೀ ಎದೆಹಾಲು, ಆಮೇಲೆ ಹೊತ್ತಿಗೆ ಸರಿಯಾಗಿ ಬಗೆಬಗೆಯ ಮೆತ್ತನೆಯ ಊಟ, ಶುಚಿ. ಅಡುಗೆಮನೆಯ ಹೊಗೆ ತಗ್ಗಿಸುವುದು. ಕೊಬ್ಬಿಗೂ ಸೌದೆ ಒಲೆಯ ಹೊಗೆಗೂ ಏನು ಸಂಬಂಧ, ಬೊಜ್ಜಿಗೂ ಸೊಸೆಯ ಮನಸ್ಸಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆಯೋ ಇಲ್ಲವೋ ಎಂಬುದೇ ಪ್ರಯೋಗದ ಪ್ರಶ್ನೆ. 1975ರಲ್ಲಿ ಕ್ಯಾಲೊರಿ ಲೆಕ್ಕಹಾಕಿ ಕಳಿಸಿದ ಸರಕಾರಕ್ಕೆ ಮಗು ಕಂಡಿತ್ತು, ತಾಯಿಯೂ ಒಂದಿಷ್ಟು ಕಂಡಿದ್ದಳು. ಅತ್ತೆ, ಗಂಡ, ಒಲೆ, ಚಿಲ್ಲರೆ ಅಂಗಡಿ ಕಂಡಿರಲಿಲ್ಲ.

ಅಂಗಡಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಅಂಗನವಾಡಿ ಬಂದಾಗಿನ ನಂಜನಗೂಡು ರಸಬಾಳೆ, ಹಲ್ಲುಪುಡಿ, ತೇರಿಗೆ ಹೆಸರಾದ ಊರು. 1989ರಲ್ಲಿ ನೆಸ್ಲೆ ಕಾರ್ಖಾನೆ ಬಂತು, ಕಾಫಿಪುಡಿ, ಮ್ಯಾಗಿ ಅಲ್ಲಿ ತಯಾರಾಗುತ್ತವೆ. ಕಾರ್ಖಾನೆ ಇದ್ದದ್ದರಿಂದ ಆ ಊರಿನ ಮಕ್ಕಳು ನೂಡಲ್ಸ್ ತಿಂದರು ಎಂದರೆ ತಪ್ಪಾಗುತ್ತದೆ, ಕಾರ್ಖಾನೆಯಿಲ್ಲದ ಊರುಗಳಲ್ಲೂ ತಿನ್ನುತ್ತಾರೆ. ರಸಬಾಳೆ ಅಪರೂಪವಾಗಿ, ಐದು ರೂಪಾಯಿ ಪ್ಯಾಕೆಟ್ಟು ತೋರಣದಂತೆ ತೂಗತೊಡಗಿದ ಈ ನಲವತ್ತು ವರ್ಷ ಎಲ್ಲ ಹಳ್ಳಿಗಳದ್ದೂ ಹೌದು. ಗಿಡ್ಡ ಮೈ, ಕಡಿಮೆ ಮಾಂಸಖಂಡ, ಬೆನ್ನಲ್ಲಿ ಉಳಿಸಿಕೊಂಡ ಕೊಬ್ಬು ಇಟ್ಟುಕೊಂಡು ಹುಟ್ಟುವ ಕೂಸು ಆ ತೋರಣದ ಕೆಳಗೆ ಬೆಳೆಯುತ್ತದೆ.

ಈ ಪ್ರಯೋಗದ ಪರವಾಗಿ ಮನೆಗೆ ಬರುವ ಕಾರ್ಯಕರ್ತೆಗೆ ಕಲಿಸಿದ ಒಂದು ಪಾಠ ನನಗೆ ಹಿಡಿಸಿತು. ಸೌತಾಂಪ್ಟನ್ನಿನ ಮೇರಿ ಬಾರ್ಕರ್ ಮೊದಲಾದವರು ಬೆಳೆಸಿದ ಪದ್ಧತಿ ಅದು. ಬುದ್ಧಿ ಹೇಳಬೇಡ, ಕೇಳು. ‘ಸೊಪ್ಪು ತಿನ್ನಿ’ ಅನ್ನಬೇಡ, ‘ಸೊಪ್ಪು ತರೋದು ಹೇಗೆ ಮಾಡ್ತೀರಿ’ ಎಂದು ಕೇಳು. ನಮ್ಮ ಆರೋಗ್ಯ ಇಲಾಖೆಗಳ ಗೋಡೆಬರಹದಲ್ಲಿ ಕ್ರಿಯಾಪದಗಳೆಲ್ಲ ‘ಮಾಡಿರಿ’, ‘ಮಾಡಬೇಡಿರಿ’. ಅದರ ನಡುವೆ ‘ಹೇಗೆ’ ಎಂದು ಕೇಳಿದರೆ ಸಿಗುವ ಉತ್ತರ ಯಾವ ಚಾರ್ಟಿಗೂ ಹಿಡಿಸುವಂಥದ್ದಲ್ಲ. ಸೊಪ್ಪು ತರುವವನು ಗಂಡ. ಅಡುಗೆ ಏನೆಂದು ಹೇಳುವವಳು ಅತ್ತೆ. ಎಲ್ಲರೂ ಉಂಡ ಮೇಲೆ ಪಾತ್ರೆಯಲ್ಲಿ ಎಷ್ಟು ಉಳಿಯಿತೋ ಅಷ್ಟು ಸೊಸೆಯದು. ‘ಬಸ್ರೀಲಿ ಜಾಸ್ತಿ ಉಣ್ಬೇಡ, ಕೂಸು ದಪ್ಪ ಆಗಿ ಹೆರಿಗೆ ಕಷ್ಟ ಆಯ್ತದೆ’ ಎಂದು ಹೇಳುವ ಅತ್ತೆಗೆ ಕೆಡುಕು ಮನಸ್ಸಿಲ್ಲ, ಅವಳ ಕಾಲದಲ್ಲಿ ಹತ್ತಿರ ಆಸ್ಪತ್ರೆ ಇರಲಿಲ್ಲ.

ಈ ಸಂಸಾರದ ಲೆಕ್ಕ ಪ್ರಯೋಗದ ಲೆಕ್ಕಕ್ಕೆ ಕೂಡಿಬರದ ಜಾಗವೊಂದಿದೆ, ತವರು. ಚೀಟಿ ಎತ್ತಿ ಹಂಚಿದ್ದು ಹಳ್ಳಿಗಳನ್ನು. ಆದರೆ ನಮ್ಮ ಹೆಣ್ಣುಮಕ್ಕಳು ಒಂದು ಹಳ್ಳಿಯವರಲ್ಲ. ಗಂಡನ ಊರು ಮೊದಲ ಪಾಲಿನಲ್ಲಿದ್ದರೆ ತವರು ಮೂರನೆಯದರಲ್ಲಿರಬಹುದು, ಕೊಳ್ಳೇಗಾಲದ ಆಚೆಗೆ ಯಾವ ಪಾಲಿಗೂ ಸೇರದೆಯೂ ಇರಬಹುದು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಬಾಣಂತನ ಮೂರು ತಿಂಗಳೋ ಐದು ತಿಂಗಳೋ ಅವ್ವ ಬಿಟ್ಟಾಗ. ಎದೆಹಾಲಿನ ಆರು ತಿಂಗಳಲ್ಲಿ ಹೆಚ್ಚಿನ ಪಾಲು ಕಾರ್ಯಕರ್ತೆಯ ಕಣ್ಣಳತೆಯ ಆಚೆಗೇ ಕಳೆಯಬಹುದು. ಸೀಮಂತ ಮುಗಿಸಿ, ಹಸಿರು ಬಳೆ ತೊಟ್ಟು, ಮಡಿಲಲ್ಲಿ ಅಕ್ಕಿ ಕೊಬ್ಬರಿ ಕಟ್ಟಿಕೊಂಡು, ನರಸೀಪುರ ಬಸ್‌ಸ್ಟ್ಯಾಂಡಿನಲ್ಲಿ ತಮ್ಮನ ಜೊತೆ ಬಸ್ಸು ಹತ್ತುವವಳ ಬ್ಯಾಗಿನಲ್ಲಿ ತಾಯಿ ಕಾರ್ಡು ಇರುತ್ತದೆ. ತಿಂಗಳು ತಿಂಗಳಿನ ತೂಕ ಅದರಲ್ಲಿ ಬರೆದಿರುತ್ತದೆ. ಬಸ್ಸು ಇಳಿದು ಮನೆ ಮುಟ್ಟಿದಾಗ ಅವ್ವ ಆ ಕಾರ್ಡು ಕೇಳುವುದಿಲ್ಲ. ಬಾಗಿಲಲ್ಲೇ ನಿಲ್ಲಿಸಿ, ಕೆನ್ನೆ ಹಿಡಿದು, ‘ಅಯ್ಯೋ ನನ್ ಕಂದ, ಇದ್ಯಾಕವ್ವ ಇಂಗೆ ಸೊರಗೋಗಿದ್ದೀಯೆ’ ಅನ್ನುತ್ತಾಳೆ.